ಬ್ರೇಕ್ ಪೈಪೂ ಬಟ್ಟೆ ಕ್ಲಿಪ್ಪೂ

ಆ ಕೊನೆಯ ಭಾನುವಾರವೂ ಎಲ್ಲ ಭಾನುವಾರಗಳಂತೆಯೇ ಶುರುವಾಯಿತು. ಗಂಡ ಪ್ರತಿಜ್ಞೆ ಮಾಡಿದ, ಹೆಂಡತಿ ಹಣೆ ಚಚ್ಚಿಕೊಂಡಳು.

ಮನೆಯ ಹಳೇ ಕಾರಿನ ಬ್ರೇಕ್ ಪೈಪುಗಳು ತುಕ್ಕು ಹಿಡಿದು ಜಿನುಗುತ್ತಿದ್ದವು. ಮಗಳು ಆಸ್ಪತ್ರೆಯ ಕೆಲಸಕ್ಕೆ ಹೋಗಿಬರುವುದು ಅದೇ ಕಾರಿನಲ್ಲಿ. ಗ್ಯಾರೇಜಿಗೆ ಕೊಡೋಣ ಎಂದು ಹೆಂಡತಿ ಅಂದದ್ದೇ ತಡ, ಗಂಡನ ಮೀಸೆ ನಿಮಿರಿತು. ಅವನದು ಕ್ಷೌರದಂಗಡಿ.

"ಜೀವಮಾನವೆಲ್ಲ ಊರವರ ಕುತ್ತಿಗೆ ಮೇಲೆ ಕತ್ತಿ ಆಡಿಸಿದೀನಿ. ಒಬ್ಬರಿಗೂ ಗಾಯ ಮಾಡಿಲ್ಲ. ಒಂದು ಪೈಪು ಹಾಕೋಕೆ ಬರಲ್ವಾ?"

"ಕ್ಷೌರ ಕೆಟ್ಟರೆ ಕೂದಲು ಮತ್ತೆ ಬರುತ್ತೆ ರೀ. ಬ್ರೇಕ್ ಕೆಟ್ಟರೆ ಮಗಳು ಬರ್ತಾಳಾ?"

"ಅಪಶಕುನ ನುಡೀಬೇಡ. ಆ ಟಾರ್ಚ್ ಹಿಡ್ಕೊ."

ಇವನು ಕೈಯಿಟ್ಟ ಕೆಲಸಗಳ ಚರಿತ್ರೆ ಅವಳಿಗೆ ಗೊತ್ತಿತ್ತು. ಗೋಡೆಗೆ ಹೊಡೆದ ಕಪಾಟು ಪಾತ್ರೆಗಳ ಸಮೇತ ನೆಲಕ್ಕಿಳಿದಿತ್ತು. ರಿಪೇರಿ ಮಾಡಿದ ನಲ್ಲಿ ಅಡುಗೆಮನೆಯನ್ನು ಕೆರೆ ಮಾಡಿತ್ತು.

ಹೊಸ ಪೈಪನ್ನು ಅಳೆದು ಕತ್ತರಿಸಿ, ತುದಿಯನ್ನು ಹೂವಿನ ಹಾಗೆ ಅರಳಿಸಬೇಕು. ಅರಳಿದ ತುದಿಯ ಹಿಂದೆ ನಟ್ಟು ಕೂತು ಪೈಪನ್ನು ಬಿಗಿಹಿಡಿಯುತ್ತದೆ. ಗಂಡ ಎರಡೂ ತುದಿಗಳನ್ನು ಅರಳಿಸಿ, ಗಿರಾಕಿಯ ತಲೆ ನೋಡುವವನಂತೆ ಕತ್ತು ವಾಲಿಸಿ ನೋಡಿದ.

"ಹೆಂಗಿದೆ?"

"ಚೆನ್ನಾಗಿದೆ. ಮೇಜಿನ ಮೇಲಿರೋ ಈ ನಟ್ಟುಗಳು ಯಾವುದಕ್ಕೆ?"

ಗಂಡ ನಟ್ಟು ನೋಡಿದ. ಪೈಪು ನೋಡಿದ. ಮೊದಲೇ ತೂರಿಸಬೇಕಿದ್ದ ನಟ್ಟು ಇನ್ನು ಈ ಜನ್ಮದಲ್ಲಿ ಆ ಅರಳಿದ ತುದಿ ದಾಟುವಂತಿರಲಿಲ್ಲ. ಮತ್ತೊಂದು ಪೈಪು ಕತ್ತರಿಸಿದ. ಈ ಸಲ ನಟ್ಟು ಮರೆಯಲಿಲ್ಲ, ಹಿಂದುಮುಂದಾಗಿ ಹಾಕಿದ. ಮೂರನೆಯ ಸಲ ಅವಳೇ ಪಕ್ಕದಲ್ಲಿ ನಿಂತು, ತುದಿ ಅರಳಿಸುವ ಮುಂಚೆ "ನಟ್ಟು?" ಎಂದು ಕೇಳಿದಳು. ಅವನು ಕೊಟ್ಟ ಉತ್ತರ ಬರೆಯುವಂಥದ್ದಲ್ಲ. ಆದರೆ ಪೈಪು ಸರಿಯಾಗಿ ಕೂತಿತು.

ಇನ್ನು ಪೈಪಿನೊಳಗಿನ ಗಾಳಿ ತೆಗೆಯಬೇಕು. ಅವಳು ಕಾರಿನಲ್ಲಿ ಕೂತು ಬ್ರೇಕ್ ಒತ್ತಿಹಿಡಿಯುವುದು, ಅವನು ಕೆಳಗೆ ಮಲಗಿ ಚಕ್ರದ ಬಳಿಯ ಸ್ಕ್ರೂ ಸಡಿಲಿಸುವುದು. ಗಾಳಿ ಹೋದಮೇಲೆ ಸ್ಕ್ರೂ ಬಿಗಿಮಾಡಿ "ಬಿಡು" ಅನ್ನುತ್ತಾನೆ. ಆಗ ಮಾತ್ರ ಕಾಲೆತ್ತಬೇಕು.

"ಒತ್ತು. ಹಿಡ್ಕೊ."

"ರೀ, ಹಾಲು."

"ಹಾಲಲ್ಲ, ಬ್ರೇಕ್ ಹಿಡ್ಕೊ."

"ಒಲೆ ಮೇಲೆ ಹಾಲಿದೆ ರೀ, ಉಕ್ತಾ ಇದೆ."

ಕಾಲೆತ್ತಿ ಓಡಿದಳು. ಸ್ಕ್ರೂ ತೆರೆದೇ ಇತ್ತು. ಹೊರಗಿನ ಗಾಳಿಯೆಲ್ಲ ಸೊರ್ ಎಂದು ಒಳಕ್ಕೆ ಹೋಯಿತು. ಬ್ರೇಕ್ ಆಯಿಲ್ ಗಂಡನ ಮೀಸೆಯಿಂದ ತೊಟ್ಟಿಕ್ಕುತ್ತಿತ್ತು. ಹಾಲೂ ಉಳಿದಿರಲಿಲ್ಲ.

"ಮನೆ ಹೊತ್ತಿ ಉರಿದ್ರೂ ಸರಿ, ನಾನು ಹೇಳೋವರೆಗೂ ಕಾಲು ತೆಗೀಬೇಡ ಮಾರಾಯ್ತಿ."

ತೆಗೆಯಲಿಲ್ಲ. ಎಲ್ಲ ಚಕ್ರಗಳೂ ಮುಗಿದವು. ಗಂಡ ಎದ್ದು, ಮುಖ ತೊಳೆದು, ಒಳಗೆ ಹೋಗಿ ಊಟವನ್ನೂ ಬಡಿಸಿಕೊಂಡ. ಉಪ್ಪು ಸಿಗದೆ ಅವಳನ್ನು ಹುಡುಕಿಕೊಂಡು ಬಂದ.

"ಇನ್ನೂ ಇಲ್ಲೇನ್ ಮಾಡ್ತಿದೀಯ?"

"ನೀವು ಹೇಳ್ಲಿಲ್ವಲ್ಲ."

ಕಾಲು ಕೊರಡಾಗಿತ್ತು. ಕಾರಿನಿಂದ ಇಳಿಸುವಾಗ ಅವಳಿಗಿಂತ ಅವನೇ ಹೆಚ್ಚು ನಕ್ಕ.

ಸಂಜೆ ನೋಡಿದರೆ ತಂತಿಯ ಮೇಲಿದ್ದ ಬಟ್ಟೆಯೆಲ್ಲ ನೆಲದ ಮೇಲೆ. ಕ್ಲಿಪ್ಪು ಒಂದೂ ಇಲ್ಲ. ಅವಳು ಮೆಟ್ಟಿಲ ಕೆಳಗೆ ನಿಂತು ಕ್ಲಿಪ್ಪು ಕದ್ದಳೆಂದು ಮೇಲಿನ ಮನೆಯಾಕೆಗೆ ಚೆನ್ನಾಗಿ ಬೈದಳು. ಗಂಡ ಪೇಪರಿನೊಳಗೆ ಮುಖವಿಟ್ಟು ಕೂತಿದ್ದ.

"ನಾಳೆ ನಾನೇ ಮೊದಲು ಓಡಿಸಿ ನೋಡ್ತೀನಿ," ಎಂದು ಮಲಗಿದ.

ಬೆಳಿಗ್ಗೆ ಏಳಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿತ್ತು.

ಜನ ಬಂದರು, ಹೋದರು. ಮಗಳು ಮತ್ತೆ ಕೆಲಸಕ್ಕೆ ಹೊರಟ ದಿನ ಕಾರಿನ ಕೀಲಿ ಸಿಗಲಿಲ್ಲ. ತಾಯಿ ಅದನ್ನು ಹಿಟ್ಟಿನ ಡಬ್ಬದಲ್ಲಿ ಹೂತಿದ್ದಳು.

"ಅಮ್ಮ, ಅಪ್ಪ ಮಾಡಿದ ಕೆಲಸ ಅದು."

"ಅದಕ್ಕೇ ಕೊಡಲ್ಲ. ನಿಮ್ಮಪ್ಪನ ಕಪಾಟು ನೋಡಿದೀಯಲ್ಲ."

ಗಂಡನ ಕೈಕೆಲಸದಿಂದ ಮಗಳಿಗೇನಾದರೂ ಆದರೆ ಯಾರನ್ನು ಕೇಳುವುದು? ಬೈಯೋಣವೆಂದರೆ ಆಸಾಮಿ ಇಲ್ಲ. ಕೊನೆಗೆ ಮಗಳು ಗ್ಯಾರೇಜಿನವನನ್ನೇ ಮನೆಗೆ ಕರೆತಂದಳು. ಅವನು ಕಾರಿನಡಿ ತೂರಿದ. ತಾಯಿ ಹೊರಗೆ ಕಾಣುತ್ತಿದ್ದ ಅವನ ಕಾಲುಗಳನ್ನೇ ನೋಡುತ್ತ ನಿಂತಳು. ಎಷ್ಟು ಹೊತ್ತಾದರೂ ಆ ಕಾಲು ಅಲುಗಲಿಲ್ಲ.

"ಹೇಳಪ್ಪ, ಏನಾಗಿದೆ? ಮುಚ್ಚಿಡಬೇಡ."

"ಒಂದು ಹನಿ ಸೋರಿಲ್ಲಮ್ಮ. ಬಿಗಿಯಾಗಿದೆ. ನಾನು ಹಾಕಿದ್ರೂ ಹೀಗೇ ಹಾಕ್ತಿದ್ದೆ." ಒಳಗಿಂದ ಕೆಮ್ಮಿದ. "ಆದ್ರೆ ಪೈಪು ಅಲ್ಲಾಡದ ಹಾಗೆ ಇದೇನೋ ಸಿಕ್ಕಿಸಿದಾರಲ್ಲ, ಇದು ನಾನು ಎಲ್ಲೂ ನೋಡಿಲ್ಲ."

ಕಾರಿನಡಿಯಿಂದ ಒಂದು ಕೈ ಹೊರಗೆ ಬಂತು. ಅಂಗೈ ತುಂಬ ಕೆಂಪು, ಹಸಿರು, ಹಳದಿ. ಬಟ್ಟೆ ಕ್ಲಿಪ್ಪುಗಳು.

ಅವಳು ಅಲ್ಲೇ ಕುಸಿದು ಕೂತಳು. ಅಮ್ಮ ಅಳುತ್ತಿದ್ದಾಳೆಂದು ಮಗಳು ಓಡಿಬಂದಳು. ನೋಡಿದರೆ ಅಮ್ಮ ನಗುತ್ತಿದ್ದಳು. ಎಷ್ಟೋ ದಿನವಾದ ಮೇಲೆ ಎದೆ ಹಗುರಾಗಿತ್ತು. ಗ್ಯಾರೇಜಿನವನು ಕಾರಿಗೆ ಹಾಕಬೇಕಾದ ಕ್ಲಿಪ್ಪುಗಳನ್ನೇ ಹಾಕಿಕೊಟ್ಟ. ಮಗಳು ಕೀಲಿಗೆ ಮೆತ್ತಿದ ಹಿಟ್ಟು ಕೊಡವಿ ರಸ್ತೆಯ ಕೊನೆಯವರೆಗೆ ಹೋಗಿ ಬಂದಳು. ನಿಲ್ಲಿಸಿದಲ್ಲಿ ಕಾರು ನಿಂತಿತು.

ಆಮೇಲೆ ತಾಯಿ ಮೇಲಿನ ಮನೆಯ ಮೆಟ್ಟಿಲು ಹತ್ತಿದಳು. ಬೈಯುವಾಗ ಕಾಣದ ಮೆಟ್ಟಿಲುಗಳು ಆ ದಿನ ಬಹಳ ಇದ್ದವು.

"ನಿಮ್ಮ ಯಜಮಾನರು ತಂತಿಯಿಂದ ಬಿಚ್ಚಿಕೊಳ್ಳೋದನ್ನ ಕಿಟಕಿಯಿಂದ ನೋಡಿದ್ದೆ ಕಣಮ್ಮ," ಎಂದಳು ಮೇಲಿನಾಕೆ. "ಬಾಯಿ ಮುಚ್ಕೊಂಡಿರಿ ಅಂತ ಕೈಮುಗಿದ್ರು. ಪಾಪ, ನಿನಗೆ ಅಷ್ಟು ಹೆದರ್ತಿದ್ರು."

ಈಗಲೂ ಪ್ರತಿ ಬೆಳಿಗ್ಗೆ, ಮಗಳು ಹೊರಡುವ ಮುಂಚೆ, ತಾಯಿ ಕಾರಿನಲ್ಲಿ ಕೂತು ಬ್ರೇಕ್ ಒತ್ತಿಹಿಡಿಯುತ್ತಾಳೆ. ಮಗಳು ಬಗ್ಗಿ ಟಾರ್ಚ್ ಬಿಟ್ಟು ಕೆಳಗೆ ನೋಡುತ್ತಾಳೆ.

"ಒಣಗಿದೆ ಅಮ್ಮ, ಸೋರಿಲ್ಲ. ಬಿಡು, ಲೇಟಾಯ್ತು."

ಕಾಲೆತ್ತುತ್ತಾಳೆ. ಮಗಳಿಗೆ ಜಾಗ ಬಿಟ್ಟು ಇಳಿಯುತ್ತಾಳೆ. ಒಳಗೆ ಹೋಗಿ, ಆಮೇಲೆಯೇ ಒಲೆಯ ಮೇಲೆ ಹಾಲಿಡುತ್ತಾಳೆ.