ಒರೆಗೆ ಹಚ್ಚಿದ ಗ್ರಾಫಿಕ್ಸ್ ಕಾರ್ಡು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆಯನ್ನು ನಾನು ಕೇಳಿಸಿಕೊಂಡಷ್ಟು ಬೇರೆ ಯಾರೂ ಕೇಳಿಸಿಕೊಂಡಿರಲಾರರು. ಅದೂ ನನ್ನ ಮುಖದೆದುರಿಗೇ. ಆದರೆ ನನ್ನದೊಂದು ಪ್ರಶ್ನೆ. ಆ ನೆಲ ನಿಜವಾಗಿಯೂ ಡೊಂಕಾಗಿತ್ತೋ ಇಲ್ಲವೋ ಎಂದು ಯಾರಾದರೂ ಹೋಗಿ ನೋಡಿದ್ದಾರೆಯೆ? ರಸಮಟ್ಟ ಇಟ್ಟು ಪರೀಕ್ಷಿಸಿದ್ದಾರೆಯೆ? ಪಾಪ, ಆಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಿರಬಹುದು. ಗಾದೆ ಕಟ್ಟಿದವರೆಲ್ಲ ಕುಣಿಯಲು ಬರುವವರೇ ಆಗಿರಬೇಕು, ಅದಕ್ಕೇ ಆಕೆಯ ಮಾತಿಗೆ ಬೆಲೆ ಸಿಗಲಿಲ್ಲ. ನಾನಂತೂ ಆಕೆಯ ಪಕ್ಷ. ನಾನು ಸೋತಾಗಲೆಲ್ಲ ತಪ್ಪು ಬೇರೆ ಕಡೆಯೇ ಇರುತ್ತಿತ್ತು. ಇದು ಹೆಮ್ಮೆಯ ಮಾತಲ್ಲ, ಅನುಭವದ ಮಾತು.

ನಮ್ಮದು ನಾಗಮಂಗಲ. ಅಪ್ಪ ಅಕ್ಕಸಾಲಿ, ಮನೆಯ ಮುಂದಿನ ಕೋಣೆಯಲ್ಲೇ ಈಗಲೂ ಒಲೆ, ಚಿಮಟ, ಒರೆಗಲ್ಲು ಇಟ್ಟುಕೊಂಡು ಕೂರುತ್ತಾರೆ. ನಾನು ಆ ಕಸಬು ಬಿಟ್ಟು ಪಾಂಡವಪುರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾದೆ. ದಿನಾ ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುತ್ತೇನೆ. ಅಕ್ಕನನ್ನು ಶ್ರೀರಂಗಪಟ್ಟಣಕ್ಕೆ ಕೊಟ್ಟಿದೆ. ಅಕ್ಕನ ಚಿನ್ನವನ್ನೂ ಅಕ್ಕಸಾಲಿ ಬಿಡುವುದಿಲ್ಲ ಎಂಬ ಇನ್ನೊಂದು ಗಾದೆಯನ್ನು ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ. ಹೊರಗಿನವರು ಯಾರಾದರೂ ಆಡಿದರೆ ಅಕ್ಕ ನಗುತ್ತಾಳೆ. "ನನ್ನ ತಮ್ಮಂಗೆ ನನ್ನ ಚಿನ್ನ ಬ್ಯಾಡ ಬುಡಿ, ನನ್ ಮೇಲೆ ಒಂದ್ಸಲ ಗೆದ್ರೆ ಸಾಕು" ಎನ್ನುತ್ತಾಳೆ. ಅದು ಸುಳ್ಳಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ ಅಕ್ಕನ ಓದಿಗೆಂದು ಅಪ್ಪ ಒಂದು ಕಂಪ್ಯೂಟರು ತಂದಿದ್ದರು. ಅದರಲ್ಲಿ ಒಂದು ಕಾರು ಓಡಿಸುವ ಆಟ. ಬೆಟ್ಟದ ದಾರಿ, ಮಂಜು, ಒಂದು ಸೇತುವೆ, ಸೇತುವೆ ದಾಟಿದೊಡನೆ ಎಡಕ್ಕೆ ಒಂದು ತಿರುವು. ದೊಡ್ಡವಳು ಎಂದು ಮೊದಲ ಸರದಿ ಯಾವಾಗಲೂ ಅಕ್ಕನದು. ಅವಳದು ಮುಗಿಯುವಷ್ಟರಲ್ಲಿ ಕಂಪ್ಯೂಟರು ಕಾದು, ಅದರೊಳಗಿದ್ದ ಬಡಪಾಯಿ ಗ್ರಾಫಿಕ್ಸ್ ಕಾರ್ಡು ಏದುಸಿರು ಬಿಡುತ್ತಿತ್ತು. ಪರದೆಯ ಮೇಲೆ ಚಿತ್ರ ಮೂಡಿಸುವುದು ಆ ಕಾರ್ಡಿನ ಕೆಲಸ. ನನ್ನ ಕಾರು ಸೇತುವೆಗೆ ಬರುವಾಗ ಅದು ತೊದಲುತ್ತಿತ್ತು. ಚಿತ್ರ ಒಂದು ಕ್ಷಣ ನಿಂತು, ಮತ್ತೆ ಚಲಿಸುವಾಗ ನಾನು ಹೊಳೆಯೊಳಗೆ ಇರುತ್ತಿದ್ದೆ. ಅಕ್ಕನನ್ನು ಒಂದು ದಿನವೂ ಗೆಲ್ಲಲಿಲ್ಲ. ಕಾರ್ಡು ಸರಿಯಿರಲಿಲ್ಲ ಎಂದು ನಾನು ಅಂದೇ ಹೇಳಿದೆ. ಅವಳ ಮದುವೆಯಲ್ಲಿ ಹೇಳಿದೆ, ಮಗುವಿನ ನಾಮಕರಣದಲ್ಲಿ ಹೇಳಿದೆ, ಗೃಹಪ್ರವೇಶದಲ್ಲಿ ಭಾವನ ಕಡೆಯ ನೆಂಟರಿಗೆಲ್ಲ ವಿವರವಾಗಿ ಹೇಳಿದೆ.

"ಅಲ್ಲಾ ರೀ, ಇಬ್ರಿಗೂ ಅದೇ ಕಾರ್ಡು ತಾನೆ?" ಎಂದು ನನ್ನ ಹೆಂಡತಿ ಮದುವೆಯಾದ ಹೊಸದರಲ್ಲಿ ಕೇಳಿದ್ದಳು. ಕಾದ ಕಾರ್ಡಿಗೂ ತಣ್ಣನೆಯ ಕಾರ್ಡಿಗೂ ಇರುವ ವ್ಯತ್ಯಾಸವನ್ನು ನಾನು ಸಮಾಧಾನದಿಂದ ತಿಳಿಸಿಕೊಟ್ಟೆ. ಆಮೇಲೆ ಅವಳು ಆ ವಿಷಯ ಎತ್ತಲಿಲ್ಲ. ಅವಳಿಗೆ ಮನವರಿಕೆಯಾಯಿತು ಎಂದೇ ನನ್ನ ನಂಬಿಕೆ.

ಈ ಯುಗಾದಿಗೆ ಅಕ್ಕ ಬಂದಿದ್ದಾಗ ಮಾತು ಮತ್ತೆ ಅಲ್ಲಿಗೇ ಬಂತು. ಅವಳು ತಟ್ಟೆ ಪಕ್ಕಕ್ಕಿಟ್ಟು, "ನೋಡ್ಲಾ, ಗೌರಿ ಹಬ್ಬಕ್ಕೆ ಬತ್ತೀನಿ. ಅದೇ ಕಂಪ್ಯೂಟರು, ಅದೇ ಆಟ. ಒಳ್ಳೆ ಕಾರ್ಡೇ ಹಾಕು. ಆದ್ರೆ ಆ ವರ್ಷ ಅಂಗಡೀಲಿ ಸಿಕ್ತಿದ್ದಂತದ್ದೇ ಆಗ್ಬೇಕು. ಈಗಿನ ಕಾಲದ್ದು ತಂದು ಗೆದ್ರೆ ಅದು ಗೆಲುವಲ್ಲ. ಸೋತ್ರೆ ಮಾತ್ರ, ಕಾರ್ಡಿನ ಮಾತು ಇನ್ನೊಂದ್ಸಲ ನಿನ್ನ ಬಾಯಲ್ಲಿ ಬರಬಾರ್ದು" ಎಂದಳು. ನಾನು ತಕ್ಷಣ ಒಪ್ಪಿದೆ. ಆಟದಲ್ಲಿ ಸೋಲುವುದು ನನಗೆ ಅಭ್ಯಾಸವಿದೆ. ಆದರೆ ಇಷ್ಟು ವರ್ಷ ಜೋಪಾನವಾಗಿ ಕಾಪಾಡಿಕೊಂಡು ಬಂದ ಒಂದು ಕಾರಣವನ್ನೇ ಪಣಕ್ಕಿಟ್ಟದ್ದು ಅದೇ ಮೊದಲು.

ಅಟ್ಟದಿಂದ ಕಂಪ್ಯೂಟರು ಇಳಿಸಿದೆ. ಉಳಿದದ್ದೆಲ್ಲ ಗಟ್ಟಿಯಾಗಿತ್ತು, ಹಳೆಯ ಕಾರ್ಡು ಮಾತ್ರ ಪೂರ್ತಿ ಹೋಗಿತ್ತು. ಸ್ನೇಹಿತರೊಬ್ಬರು ಅದಕ್ಕಿಂತ ಐದಾರು ವರ್ಷ ಈಚಿನ ಒಂದು ಕಾರ್ಡು ಕೊಟ್ಟರು. ಹಾಕಿ ನೋಡಿದರೆ ಆಟ ಬೆಣ್ಣೆಯಂತೆ ಓಡಿತು, ಆದರೆ ದಾರಿಯಲ್ಲಿ ಮಂಜೇ ಇಲ್ಲ! ಆ ಕಾಲದ ಆಟಗಳು ಮಂಜನ್ನು ಒಂದು ಬಗೆಯಲ್ಲಿ ಬಿಡಿಸುತ್ತಿದ್ದವು. ಆಮೇಲಿನ ಎಷ್ಟೋ ಕಾರ್ಡುಗಳು ಆ ಪದ್ಧತಿಯನ್ನೇ ಕೈಬಿಟ್ಟವಂತೆ. ಸೇತುವೆಯ ಆಚೆಯ ತಿರುವು ಅಷ್ಟು ದೂರದಿಂದಲೇ ನಿಚ್ಚಳವಾಗಿ ಕಾಣುತ್ತಿತ್ತು. ನಾನು ಒಂದು ಗಳಿಗೆ ಆಸೆಪಟ್ಟೆ. ಆದರೆ ಅಕ್ಕ ಬಂದವಳೇ ಮೊದಲು ಮಂಜನ್ನೇ ಹುಡುಕುತ್ತಾಳೆ ಎಂದು ನನಗೆ ಗೊತ್ತಿತ್ತು, ಹಾಗಾಗಿ ಪ್ರಾಮಾಣಿಕನಾದೆ.

ಹೊಸದಾದಷ್ಟೂ ಒಳ್ಳೆಯದು ಎಂದು ತಿಳಿದವರಿಗೆ ಈ ಕೆಲಸದ ಕಷ್ಟ ಅರ್ಥವಾಗುವುದಿಲ್ಲ. ಕಾರ್ಡು ಆ ವರ್ಷದ್ದಾಗಬೇಕು, ನಮ್ಮ ಕಂಪ್ಯೂಟರಿನಲ್ಲಿ ಕಾರ್ಡು ಸಿಕ್ಕಿಸುವ ಕಂದು ಬಣ್ಣದ ಸ್ಲಾಟಿಗೆ ಅದರ ಕಚ್ಚು ಹೊಂದಬೇಕು, ತೊದಲಬಾರದು, ಮಂಜೂ ಬರಬೇಕು. ಕೃಷ್ಣರಾಜಪೇಟೆಯಲ್ಲಿ ಹಳೆಯ ಕಂಪ್ಯೂಟರು ರಿಪೇರಿ ಮಾಡುವ ರಫೀಕ್ ಎಂಬವರ ಅಂಗಡಿ ಇದೆ ಎಂದು ಕೇಳಿ ಒಂದು ಭಾನುವಾರ ಅಲ್ಲಿಗೆ ಹೋದೆ. ಅವರು ಉತ್ಸಾಹದಿಂದ ಒಂದು ದೊಡ್ಡ ಕಾರ್ಡು ತೆಗೆದರು. "ಇದು ತಗೊಳ್ಳಿ ಸಾರ್, ಡಬಲ್ ಪವರು. ಗೇಮು ಕುದುರೆ ಥರ ಓಡ್ತದೆ."

"ಇಷ್ಟು ಜೋರಿನದು ಬೇಡ. ಇದಕ್ಕಿಂತ ಕಡಿಮೆ ಪವರಿಂದು ಕೊಡಿ" ಎಂದೆ.

"ಕ್ಯಾ ಸಾರ್, ಬರೋರೆಲ್ಲ ಜಾಸ್ತಿ ಇರೋದು ಕೇಳ್ತಾರೆ. ನೀವು ಕಡಿಮೆದು ಕೊಡಿ ಅಂತೀರಿ. ತಬಿಯತ್ತು ಸರಿ ಐತಲ್ಲ?"

ನಾನು ಅಕ್ಕನ ಷರತ್ತಿನ ಕಥೆ ಪೂರ್ತಿ ಹೇಳಿದೆ. ಅವರು ಎಲ್ಲ ಕೇಳಿಸಿಕೊಂಡು, ನನಗೂ ಒಬ್ಬಳು ಅಕ್ಕ ಇದ್ದಾಳೆ ಸಾರ್ ಎಂದಷ್ಟೇ ಹೇಳಿ, ಒಳಗಿನಿಂದ ಹಳೆಯ ಕಾರ್ಡುಗಳ ಗೋಣಿಚೀಲವನ್ನೇ ಎಳೆದುಕೊಂಡು ಬಂದರು. ಸಂತೆಯಲ್ಲಿ ಬದನೆಕಾಯಿ ಆರಿಸುವವರ ಹಾಗೆ ಒಂದೊಂದನ್ನೂ ಹಿಂದೆ ಮುಂದೆ ತಿರುಗಿಸಿ ನೋಡಿದೆ. ಕೊನೆಗೆ ಒಂದು ಸಿಕ್ಕಿತು. ಚಿಪ್ಪಿನ ಮೇಲೆ ಅಚ್ಚಾಗಿದ್ದ ವರ್ಷ ನಮ್ಮ ಕಂಪ್ಯೂಟರು ಮನೆಗೆ ಬಂದ ವರ್ಷವೇ. ಕಚ್ಚು ಸರಿಯಿತ್ತು, ಅಂಚಿನಲ್ಲಿ ಹೊಂಬಣ್ಣದ ಹಲ್ಲುಗಳು ಸಾಲಾಗಿ ಹೊಳೆಯುತ್ತಿದ್ದವು. ರಫೀಕ್ ತಮ್ಮ ಅಂಗಡಿಯಲ್ಲೇ ಹಾಕಿ ಚಿತ್ರ ಬರಿಸಿ ತೋರಿಸಿದರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ.

ಮನೆಗೆ ಬಂದು, ಕಾರ್ಡನ್ನು ಮುಂದಿನ ಕೋಣೆಯಲ್ಲಿಟ್ಟು ಕೈಕಾಲು ತೊಳೆಯಲು ಹೋದದ್ದೇ ತಪ್ಪಾಯಿತು. ವಾಪಸು ಬರುವಷ್ಟರಲ್ಲಿ ಅಪ್ಪ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಕೂತಿದ್ದರು. ಒಂದು ಕೈಯಲ್ಲಿ ನನ್ನ ಕಾರ್ಡು, ಇನ್ನೊಂದು ಕೈಯಲ್ಲಿ ಒರೆಗಲ್ಲು.

"ಏನ್ಲಾ, ಅಂಗ್ಡಿಯೋನು ಇದ್ನ ಚಿನ್ನ ಅಂತ ಯೋಳಿ ಕೊಟ್ನಾ? ಬರೀ ಮ್ಯಾಲೆ ಚಿನ್ನದ ನೀರು ಕುಡ್ಸವ್ರೆ. ಕಲ್ಲಿನ ಮ್ಯಾಲೆ ನೆಟ್ಟಗೆ ಒಂದು ಗೀರೂ ಬೀಳಾಕಿಲ್ಲ."

"ಅಪ್ಪಾ, ಅದ್ನ ಒರೆಗೆ ಅಚ್ಬುಟ್ಯಾ?"

"ಅಚ್ದೆ ಇನ್ನೇನ್ಲಾ ಮಾಡ್ಲಿ? ಅಳದಿಯಾಗಿ ಒಳೀತಾ ಇರೋದ್ನ ಕಂಡು ಸುಮ್ಕಿರಾಕಾಯ್ತದಾ?"

ನಾಲ್ಕು ತಾಲ್ಲೂಕುಗಳಲ್ಲಿ ಹುಡುಕಿದರೂ ಗ್ರಾಫಿಕ್ಸ್ ಕಾರ್ಡನ್ನು ಒರೆಗೆ ಹಚ್ಚುವ ಮನೆ ನಮ್ಮದೊಂದೇ ಇರಬೇಕು. ಅಪ್ಪನ ಭೂತಗನ್ನಡಿಯಲ್ಲೇ ನೋಡಿದೆ. ಕೊನೆಯ ಎರಡು ಹಲ್ಲುಗಳು ಉಜ್ಜಿ ಮಂಕಾಗಿದ್ದವು. ನನಗೆ ಅಳುವೇ ಬಂತು. ಕಂಪ್ಯೂಟರಿಗೆ ಹಾಕಿ ಗುಂಡಿ ಒತ್ತಿದರೆ ಪರದೆ ಕಪ್ಪಾಗಿಯೇ ಇತ್ತು. ಒಳಗಿನಿಂದ ಕೀಂ ಕೀಂ ಎಂದು ಕೂಗು ಮಾತ್ರ ಬಂತು. ಆದರೆ ಡ್ರಾಯಿಂಗ್ ಮೇಷ್ಟ್ರ ಚೀಲದಲ್ಲಿ ಏನಿಲ್ಲದಿದ್ದರೂ ಒಳ್ಳೆಯ ರಬ್ಬರು ಇರುತ್ತದೆ. ಕಾರ್ಡು ತೆಗೆದು, ಹಲ್ಲುಗಳನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜತೊಡಗಿದೆ. ಅಪ್ಪ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. "ನಾನು ಉಜ್ಜುದ್ರೆ ತಪ್ಪು, ನೀನು ಉಜ್ಜುದ್ರೆ ರಿಪೇರಿ" ಎಂದರು. ಮತ್ತೆ ಹಾಕಿದಾಗ ದಪ್ಪ ಬೆನ್ನಿನ ಮಾನಿಟರು ಬೆಳಗಿತು. ಬೆಟ್ಟ ಬಂತು, ಸೇತುವೆ ಬಂತು, ಅದರ ಮೇಲೆ ತೆಳ್ಳಗೆ, ಬೆಳ್ಳಗೆ, ಅದೇ ಮಂಜು. ಎಲ್ಲೂ ತೊದಲಲಿಲ್ಲ. ಹಬ್ಬದವರೆಗೆ ದಿನಾ ಸಂಜೆ ಅಭ್ಯಾಸ ಮಾಡಿದೆ. ಅಕ್ಕ ಷರತ್ತು ಹಾಕಿದ್ದು ಕಾರ್ಡಿಗೆ, ಅಭ್ಯಾಸಕ್ಕಲ್ಲ.

ಗೌರಿ ಹಬ್ಬದ ದಿನ ಅಕ್ಕ ಬಾಗಿನ ತೆಗೆದುಕೊಂಡು, ಒಬ್ಬಟ್ಟಿನ ಊಟ ಮುಗಿಸಿ, ಸೆರಗಿನಲ್ಲಿ ಕನ್ನಡಕ ಒರೆಸುತ್ತಾ ಬಂದು ಕೂತಳು. "ಮಂಜು ಬತ್ತದಾ?" ಎಂಬುದೇ ಅವಳ ಮೊದಲ ಮಾತು. ತೋರಿಸಿದೆ. ತೃಪ್ತಿಯಾಯಿತು. ಈ ಸಲ ಮೊದಲ ಸರದಿ ನನ್ನದು ಎಂದು ಹಟ ಹಿಡಿದೆ. ಕಂಪ್ಯೂಟರು ಇನ್ನೂ ತಣ್ಣಗಿತ್ತು. ಕಾರು ಹೊರಟಿತು. ನನ್ನ ಓಟದಲ್ಲಿ ಒಂದು ಲೋಪವೂ ಇರಲಿಲ್ಲ. ಸೇತುವೆ ಬಂತು, ಚಿತ್ರ ನಿಲ್ಲಲಿಲ್ಲ, ತಿರುವು ಕಾಣಿಸಿತು, ನಾನು ಸೀದಾ ಹೊಳೆಗೆ ಹೋದೆ. ಆ ಕಾರ್ಡು ಎಷ್ಟು ಚೆನ್ನಾಗಿತ್ತೆಂದರೆ, ನನ್ನ ಬೆರಳು ತಡವಾದದ್ದೂ ಅದರಲ್ಲಿ ಸ್ಪಷ್ಟವಾಗಿ ತಿಳಿಯಿತು. ಆಮೇಲೆ ಅಕ್ಕ ಕೂತಳು. ಇಪ್ಪತ್ತು ವರ್ಷದಿಂದ ಆ ಆಟವನ್ನು ಮುಟ್ಟಿರದವಳು ಸೇತುವೆಯನ್ನು ತರಕಾರಿ ತರಲು ಹೋದವಳ ಹಾಗೆ ದಾಟಿಕೊಂಡು ಹೋದಳು. "ಸೇತುವೆ ಬಂದಾಗ ಒಸಿ ಬ್ರೇಕ್ ಒತ್ತು ಅಂತ ಆಗ್ಲೇ ಬಡ್ಕೊತಿದ್ದೆ" ಎಂದಳು.

ಅವಳು ಗೆದ್ದದ್ದಕ್ಕೆ ನನಗೂ ಸಂತೋಷವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಕೋಣೆಯಲ್ಲಿ ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಹೆಂಡತಿ ಕಾಫಿ ಲೋಟಗಳನ್ನು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಆಗ ಅಪ್ಪ ಸಣ್ಣ ದನಿಯಲ್ಲಿ, "ನಾನು ಒರೆಗೆ ಅಚ್ದುದ್ಕೆ ಇಂಗಾಯ್ತೇನ್ಲಾ?" ಎಂದರು. ಅಂಥ ನೆಪ ಮನುಷ್ಯನಿಗೆ ಜನ್ಮಕ್ಕೊಮ್ಮೆ ಸಿಗುತ್ತದೆ. ಅದನ್ನು ಸ್ವತಃ ಹೆತ್ತ ತಂದೆಯೇ ಕೈಗಿಡುತ್ತಿದ್ದರು. ಅವರ ಮುಖ ನೋಡಿದೆ; ನಿಜವಾಗಿಯೂ ನೊಂದುಕೊಂಡಿದ್ದರು.

"ಇಲ್ಲಪ್ಪ. ಕಾರ್ಡು ಚೆನ್ನಾಗೈತೆ" ಎಂದೆ.

ಅಕ್ಕ ಕನ್ನಡಕ ತೆಗೆದು ನನ್ನನ್ನೇ ನೋಡಿದಳು. ಅವಳ ಕಣ್ಣಿನಲ್ಲಿ ನನ್ನ ಬಗ್ಗೆ ಗೌರವದಂಥದ್ದು ಕಂಡಿತು. ನಾನು ಅಲ್ಲಿಗೆ ಸುಮ್ಮನಾಗಬೇಕಿತ್ತು. "ಈ ಎಡಗಡೆ ಬಾಣದ ಗುಂಡಿ ಮಾತ್ರ ಯಾಕೋ ಒಸಿ ಬಿಗಿ" ಎಂದುಬಿಟ್ಟೆ.

"ಕಾರ್ಡಂಗೇ ನೆಪಾನೂ ಆ ಕಾಲದ್ದೇ ಹುಡುಕ್ಬುಟ್ಟಿದ್ಯಲ್ಲಾ" ಎಂದಳು ಅಕ್ಕ.

ಕೊಟ್ಟ ಮಾತಿಗೆ ನಾನು ತಪ್ಪಿಲ್ಲ. ಅಂದಿನಿಂದ ಕಾರ್ಡಿನ ದೂರು ನನ್ನ ಬಾಯಲ್ಲಿ ಬಂದಿಲ್ಲ. ನೆಲದ ಒಂದು ಮೂಲೆಯನ್ನು ಸಮ ಮಾಡಿಸಿದ್ದಾಯಿತು, ಆದರೆ ನೆಲಕ್ಕೆ ಇನ್ನೂ ಮೂರು ಮೂಲೆಗಳಿವೆ ಎಂಬುದನ್ನು ಗಾದೆ ಹೇಳುವವರು ಮರೆಯಬಾರದು. ಮುಂದಿನ ಭಾನುವಾರ ಕೃಷ್ಣರಾಜಪೇಟೆಗೆ ಹೋದಾಗ ರಫೀಕ್ ದೂರದಿಂದಲೇ, "ಏನಾಯ್ತು ಸಾರ್, ಗೆದ್ರಾ?" ಎಂದು ಕೇಳಿದರು. ಕಾರ್ಡು ಗೆದ್ದಿತು ಎಂದೆ. ಆಮೇಲೆ, ಆ ವರ್ಷದ ಕೀಬೋರ್ಡುಗಳ ಚೀಲ ಎಲ್ಲಿಟ್ಟಿದ್ದೀರಿ ಎಂದು ಕೇಳಿದೆ.