ಹಲೋ ರಾಯರು ಲೈನ್ ಬದಲಾಯಿಸಿದ್ದು

ಎಲ್ಲಕ್ಕೂ ಮೂಲ ಒಂದು ಆಕಳಿಕೆ. ವಿಮಾ ಕಂಪನಿಯ ಗುಮಾಸ್ತರಾದ ರಾಯರು ಮನೆಯಿಂದಲೇ ಕೆಲಸ ಮಾಡುವವರು. ಕಳೆದ ವಾರದ ವೀಡಿಯೊ ಮೀಟಿಂಗಿನಲ್ಲಿ ಅವರು ಆಕಳಿಸಲು ಬಾಯಿ ತೆರೆದ ಕ್ಷಣಕ್ಕೆ ಸರಿಯಾಗಿ ಇಂಟರ್‌ನೆಟ್ ನಿಂತುಹೋಯಿತು. ಆಫೀಸಿನ ದೊಡ್ಡ ಪರದೆಯ ಮೇಲೆ ಆ ತೆರೆದ ಬಾಯಿ ಮೀಟಿಂಗ್ ಮುಗಿಯುವವರೆಗೂ ಹಾಗೇ ಉಳಿಯಿತು. ಮ್ಯಾನೇಜರು ಕಂಪನಿಯ ಲಾಭ ನಷ್ಟವನ್ನೆಲ್ಲ ರಾಯರ ಕಿರುನಾಲಗೆ ನೋಡಿಕೊಂಡೇ ವಿವರಿಸಬೇಕಾಯಿತು.

"ಬುಧವಾರ ನಾಲ್ಕು ಗಂಟೆಗೆ ಮತ್ತೆ ಮೀಟಿಂಗಿದೆ. ಅವತ್ತೂ ನಿಮ್ಮ ಲೈನ್ ಕೈಕೊಟ್ರೆ, ಮಾರನೇ ದಿನದಿಂದ ಆಫೀಸಿಗೆ ಬಂದು ನನ್ನ ಎದುರಿಗೇ ಕೂತ್ಕೊಳಿ" ಎಂದು ಮ್ಯಾನೇಜರು ಆಮೇಲೆ ಫೋನಿನಲ್ಲಿ ಗುಡುಗಿದರು.

ಮ್ಯಾನೇಜರ ಎದುರು ಕೂರುವುದು ಹೇಗೋ ಸಹಿಸಬಹುದಾದ ಸಂಕಟ. ಆದರೆ ರಾಯರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಬೆಳಗ್ಗೆ ಹೋದರೆ ಕತ್ತಲಾದ ಮೇಲೆ ಬರುವವಳು. ಒಂದನೇ ಕ್ಲಾಸಿನ ಮಗಳು ಮಧ್ಯಾಹ್ನಕ್ಕೇ ಶಾಲೆ ಬಿಟ್ಟು ಬರುತ್ತಾಳೆ. ಅಪ್ಪ ಮನೆಯಲ್ಲಿಲ್ಲದಿದ್ದರೆ ಮಗುವನ್ನು ನೋಡಿಕೊಳ್ಳುವವರು ಯಾರೂ ಇಲ್ಲ. ಅದಕ್ಕೇ ರಾಯರು ಇಂಟರ್‌ನೆಟ್ ಕಂಪನಿಯನ್ನೇ ಬದಲಾಯಿಸುವ ಗಟ್ಟಿ ಮನಸ್ಸು ಮಾಡಿದರು. ಅಂದಹಾಗೆ, ಇಡೀ ದಿನ ಕಂಪ್ಯೂಟರಿನ ಮುಂದೆ "ಹಲೋ, ಹಲೋ, ಕೇಳಿಸ್ತಿದೆಯಾ?" ಎಂದು ಕಿರುಚುತ್ತಿದ್ದುದರಿಂದ ಮನೆಯಿದ್ದ ಕಟ್ಟಡದಲ್ಲಿ ಅವರಿಗೆ ಹಲೋ ರಾಯರು ಎಂದೇ ಹೆಸರು.

ಬುಧವಾರ ಬೆಳಗ್ಗೆ ಚಪ್ಪಲಿ ಮೆಟ್ಟುತ್ತಾ ಹೆಂಡತಿ ಹೇಳಿದಳು: "ರೀ, ಹೊಸ ಕಂಪನಿಯವನು ಬಂದು ನೆಟ್ ಹರಿಸೋವರೆಗೂ ಹಳೇದನ್ನ ಮುಟ್ಟಬೇಡಿ. ನಿಮ್ಮ ಕೈ ಸುಮ್ನಿರಲ್ಲ, ನಂಗೊತ್ತು."

"ನಾನೇನು ಮಗುವಾ? ಹಳೇ ಕಂಪನಿಗೆ ಮುಂದಿನ ವಾರ ಬಂದು ಕಿತ್ಕೊಂಡು ಹೋಗಿ ಅಂತ ಹೇಳಿದ್ದೀನಿ. ಹೊಸಬ ಇವತ್ತೇ ಬರ್ತಾನೆ. ಎಲ್ಲಾ ಪಕ್ಕಾ."

ಪಕ್ಕಾ ಎಂದರೂ ರಾಯರಿಗೆ ಪೂರ್ತಿ ಧೈರ್ಯವಿರಲಿಲ್ಲ. ಮೊಬೈಲನ್ನು ನಂಬುವಂತಿರಲಿಲ್ಲ, ಆ ಮನೆಯಲ್ಲಿ ಸಿಗ್ನಲ್ ಸಿಗುವುದು ಕಿಟಕಿಯಿಂದ ಕೈ ಹೊರಗೆ ಚಾಚಿದಾಗ ಮಾತ್ರ. ನಾಲ್ಕು ಗಂಟೆಗೆ ಏನಾದರೂ ಎಡವಟ್ಟಾದರೆ ಬಳಸಿಕೊಳ್ಳಲು ನೆರೆಯವರ ವೈಫೈ ಕೇಳಿಟ್ಟುಕೊಳ್ಳುವುದು ಒಳ್ಳೆಯದೆನಿಸಿ, ರಾಯರು ಮೊದಲು ಮೇಲಿನ ಮನೆಯ ನಿವೃತ್ತ ಮೇಷ್ಟ್ರ ಬಳಿ ಹೋದರು.

ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. "ಪಾಸ್‌ವರ್ಡಾ? ಕೊಡೋಣ, ಅದಕ್ಕೇನಂತೆ. ಆದ್ರೆ ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಇರಲ್ಲಪ್ಪ. ಹದಿನೇಳರ ಮಗ್ಗಿ ಒಪ್ಪಿಸು, ತಗೊಂಡು ಹೋಗು."

ರಾಯರು ಕೈಕಟ್ಟಿ ನಿಂತು ಒಪ್ಪಿಸಿದರು. ಹದಿನೇಳು ಏಳಲಿಗೆ ಬಂದಾಗ ತಡವರಿಸಿದ್ದಕ್ಕೆ ಮತ್ತೆ ಮೊದಲಿನಿಂದ ಹೇಳಬೇಕಾಯಿತು. ಮೂರನೇ ಸಲಕ್ಕೆ ಪಾಸಾಗಿ ಪಾಸ್‌ವರ್ಡ್ ಪಡೆದರು.

ಕೆಳಗಿನ ಮನೆಯ ಟೈಲರಮ್ಮ ಧಾರಾಳಿ. "ಅಯ್ಯೋ ತಗೊಳ್ಳಿ ರಾಯರೇ, ನೆಟ್ ಏನು ಸವೆದುಹೋಗುತ್ತಾ? ನನಗೂ ನಿಮ್ಮಿಂದ ಒಂದು ಸಣ್ಣ ಉಪಕಾರ ಆಗ್ಬೇಕಿತ್ತು" ಎಂದು ನೆಲ ಮುಟ್ಟುವ ಗುಲಾಬಿ ಗೌನೊಂದನ್ನು ಎತ್ತಿ ಹಿಡಿದರು. ಗೌನು ಹೊಲಿಸುತ್ತಿದ್ದ ಹೆಂಗಸು ಊರಲ್ಲಿರಲಿಲ್ಲ. ಎತ್ತರ, ಹೊಟ್ಟೆ, ಭುಜ ಎಲ್ಲದರಲ್ಲೂ ಆಕೆ ಥೇಟ್ ರಾಯರೇ ಅಂತೆ. "ಮಧ್ಯಾಹ್ನ ಊಟ ಮುಗಿಸಿ ಬನ್ನಿ, ಗುಂಡುಪಿನ್ನು ಚುಚ್ಚಿ ಅಳತೆ ನೋಡಿಬಿಡ್ತೀನಿ. ಹತ್ತೇ ನಿಮಿಷ."

ಹೀಗೆ ರಾಯರು ಮಧ್ಯಾಹ್ನ ಟೈಲರಮ್ಮನ ಸ್ಟೂಲಿನ ಮೇಲೆ ಗುಲಾಬಿ ಗೌನು ತೊಟ್ಟು, ಮೈಯೆಲ್ಲ ಪಿನ್ನು ಚುಚ್ಚಿಸಿಕೊಂಡು, ಉಸಿರು ಬಿಗಿಹಿಡಿದು ನಿಂತಿದ್ದಾಗ ಮಗಳು ಓಡಿಬಂದಳು. "ಅಪ್ಪಾ, ನೆಟ್ ಅಂಕಲ್ ಬಂದಿದ್ದಾರೆ!" ಎಂದವಳು ಅಪ್ಪನನ್ನು ಮೇಲಿಂದ ಕೆಳಗೆ ನೋಡಿ, "ನಂಗೂ ಇಂಥದ್ದು ಬೇಕು" ಎಂದಳು.

ರಾಯರು ಗೌನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಬಾಗಿಲಲ್ಲಿ ನಿಂತಿದ್ದವನು ಹೊಸ ಕಂಪನಿಯವನಲ್ಲ, ಹಳೆಯವನು. ರಿಪೇರಿಗೆಂದು ಕರೆದರೆ ತಿಂಗಳುಗಟ್ಟಲೆ ತಲೆ ಹಾಕದವನು ಕೀಳುವುದಕ್ಕೆ ಕರೆದಾಗ ವಾರ ಮುಂಚೆಯೇ ಹಾಜರಾಗಿದ್ದ.

"ಮುಂದಿನ ವಾರ ಅಂದಿದ್ನಲ್ಲಪ್ಪ?"

"ಈ ಕಡೆ ಬಂದಿದ್ದೆ ಸಾರ್..." ಗೌನು ನೋಡಿ ಅವನು ಕ್ಷಣ ಗೊಂದಲಕ್ಕೆ ಬಿದ್ದ. "ಸಾರ್ ತಾನೇ? ಬಂದ ಕೆಲಸ ಮುಗಿಸಿಬಿಡ್ಲಾ? ಇಲ್ಲಾ ಅಂದ್ರೆ ಮತ್ತೆ ಯಾವಾಗ ಬರ್ತೀನೋ ಹೇಳಕ್ಕಾಗಲ್ಲ."

ಹೆಂಡತಿಯ ಮಾತು ನೆನಪಾಗದೆ ಇರಲಿಲ್ಲ. ಆದರೆ ಜೇಬಿನಲ್ಲಿ ಎರಡೆರಡು ಪಾಸ್‌ವರ್ಡ್ ಇಟ್ಟುಕೊಂಡ ಮನುಷ್ಯನ ಠೀವಿಯೇ ಬೇರೆ. ಇಷ್ಟು ವರ್ಷ ಗೋಳುಹೊಯ್ದುಕೊಂಡ ಕಂಪನಿಯ ಮೇಲಿನ ಸಿಟ್ಟೂ ಒಟ್ಟಿಗೆ ಉಕ್ಕಿತು. "ಕಿತ್ಕೊಂಡು ಹೋಗಯ್ಯಾ. ನಿಮ್ಮ ಹಂಗಿಲ್ಲದೆ ಬದುಕೋದು ಗೊತ್ತು ನನಗೆ!"

ಅವನು ಪಟ್ಟನೆ ವೈರು ಎಳೆದ. ಮೇಲಿನ ಮನೆಯಿಂದ "ಅಯ್ಯೋ" ಎಂಬ ಕೂಗು ಕೇಳಿತು, ಕೆಳಗಿನ ಮನೆಯಿಂದ ಅದಕ್ಕಿಂತ ದೊಡ್ಡದು. ರಾಯರು ಮೇಷ್ಟ್ರ ವೈಫೈ ಹುಡುಕಿದರು, ಇಲ್ಲ. ಟೈಲರಮ್ಮನದು ಹುಡುಕಿದರು, ಅದೂ ಇಲ್ಲ. ಅಷ್ಟರಲ್ಲಿ ಇಬ್ಬರೂ ಬಾಗಿಲಿಗೇ ಬಂದಿದ್ದರು.

"ನನ್ನ ನೆಟ್ ಹೋಯ್ತು!" ಎಂದರು ಮೇಷ್ಟ್ರು.

"ನಂದೂ ಹೋಯ್ತು. ತೋಳಿನ ಡಿಸೈನ್ ವೀಡಿಯೊ ಅರ್ಧಕ್ಕೇ ನಿಂತಿದೆ!" ಎಂದರು ಟೈಲರಮ್ಮ.

ವೈರು ಸುತ್ತುತ್ತಿದ್ದವನು ತಲೆ ಎತ್ತಿದ. "ಈ ಕಟ್ಟಡಕ್ಕೆ ಬಂದಿರೋದು ಇದೊಂದೇ ಲೈನು. ನಿಮಗೆಲ್ಲಿಂದ ಬರ್ತಿತ್ತು?"

"ನನ್ನ ತಮ್ಮ ಒಂದು ಪುಟ್ಟ ಡಬ್ಬಿ ತಂದು ಮೆಟ್ಟಿಲ ಹತ್ರ ಪ್ಲಗ್ಗಿಗೆ ಸಿಕ್ಕಿಸಿದ. ಅವತ್ತಿಂದ ತಾನಾಗೇ ಬರ್ತಿತ್ತು" ಎಂದರು ಟೈಲರಮ್ಮ.

"ನಾನು ಈಯಮ್ಮನ ಹತ್ರ ನ್ಯಾಯವಾಗಿ ಕೇಳಿ ತಗೊಂಡಿದ್ದೆ. ನಾನೂ ಅಂಥದ್ದೇ ಡಬ್ಬಿ ತಂದಿದ್ದೀನಿ" ಎಂದರು ಮೇಷ್ಟ್ರು.

ಅವನು ವಿವರಿಸಿದ. ಮೊದಲನೇ ಡಬ್ಬಿ ರಾಯರ ವೈಫೈಯನ್ನೇ ಹೀರಿ ಟೈಲರಮ್ಮನಿಗೆ ಕೊಡುತ್ತಿತ್ತು. ಎರಡನೆಯದು ಟೈಲರಮ್ಮನದನ್ನು ಹೀರಿ ಮೇಷ್ಟ್ರಿಗೆ ಮುಟ್ಟಿಸುತ್ತಿತ್ತು. ರಾಯರು ಮಗ್ಗಿ ಹೇಳಿ, ಪಿನ್ನು ಚುಚ್ಚಿಸಿಕೊಂಡು ಬೇಡಿ ತಂದದ್ದು ತಮ್ಮ ಮನೆಯ ನೆಟ್ಟನ್ನೇ.

"ನನ್ನ ಪಾಸ್‌ವರ್ಡ್ ಯಾರು ಕೊಟ್ರು?" ಎಂದು ರಾಯರು ಅಬ್ಬರಿಸಿದರು.

"ನಾನು. ಡಬ್ಬಿ ತಂದ ಮಾಮ ಚಾಕಲೇಟ್ ಕೊಟ್ರು" ಎಂದಳು ಮಗಳು.

ತಪ್ಪಿತಸ್ಥರು ನಾಚಿಕೊಳ್ಳುತ್ತಾರೆಂದು ರಾಯರು ಕಾದರು. ಮೇಷ್ಟ್ರು ನಾಚಿಕೊಳ್ಳುವ ಬದಲು ಬೆರಳು ಎತ್ತಿದರು. "ಎರಡು ಸಂಸಾರ ನಂಬಿಕೊಂಡಿರೋ ಲೈನನ್ನ ಒಂದು ಮಾತು ಹೇಳದೆ ಕೀಳಿಸೋದಾ? ಅಕ್ಕಪಕ್ಕದವರ ಬಗ್ಗೆ ಸ್ವಲ್ಪ ಯೋಚನೆ ಬೇಡ್ವಾ?"

"ಹೇಳಿ ಮೇಷ್ಟ್ರೇ, ಚೆನ್ನಾಗಿ ಹೇಳಿ" ಎಂದರು ಟೈಲರಮ್ಮ. "ಮತ್ತೆ ರಾಯರೇ, ಆ ಗೌನು ಬಿಚ್ಚಬೇಡಿ. ಎಡಗಡೆ ಅಳತೆ ಇನ್ನೂ ಹಿಡಿದಿಲ್ಲ. ಎಳೆದಾಡಿದ್ರೆ ಬಟ್ಟೆ ಹರಿಯುತ್ತೆ."

ವೈರನ್ನು ಮತ್ತೆ ಜೋಡಿಸಪ್ಪಾ ಎಂದು ರಾಯರು ಗೋಗರೆದರು. ಅದಕ್ಕೆ ಹೊಸದಾಗಿ ಅರ್ಜಿ ಹಾಕಬೇಕು, ಸರದಿ ಬಂದಾಗ ಬರುತ್ತೇನೆ ಎಂದು ಅವನು ಮೆಟ್ಟಿಲಿಳಿದು ಹೋದ.

ಹೊಸ ಕಂಪನಿಯವನು ಬಂದಾಗ ಮೂರೂವರೆ ದಾಟಿತ್ತು. ಗೋಡೆಗೆ ಎಲ್ಲಿ ತೂತು ಕೊರೆಯಬೇಕೆಂಬುದರ ಮೇಲೆ ಮೇಷ್ಟ್ರಿಗೂ ಟೈಲರಮ್ಮನಿಗೂ ವಾದ ಹತ್ತಿತು. ಮೇಷ್ಟ್ರಿಗೆ ಅದು ತಮ್ಮ ಮನೆಗೆ ಹತ್ತಿರವಾಗಿ ಮೇಲಿರಬೇಕು, ಟೈಲರಮ್ಮನಿಗೆ ಕೆಳಗಿರಬೇಕು. ಅವನು ಒಂದು ತೂತು ಮೇಲೆ ಕೊರೆದ, ಇನ್ನೊಂದು ಕೆಳಗೆ ಕೊರೆದ, ಕೊನೆಗೆ ಎರಡನ್ನೂ ಬಿಟ್ಟು ಕಿಟಕಿಯಿಂದ ವೈರು ತಂದ. ನಾಲ್ಕು ಹೊಡೆಯುವುದಕ್ಕೂ ಹೊಸ ಪೆಟ್ಟಿಗೆಯ ಹಸಿರು ದೀಪ ಹತ್ತುವುದಕ್ಕೂ ಸರಿಹೋಯಿತು. ಬಟ್ಟೆ ಬದಲಾಯಿಸಲು ಪುರುಸೊತ್ತಿಲ್ಲ. ರಾಯರು ಗೌನಿನಲ್ಲೇ, ಕೂತರೆ ಪಿನ್ನು ಚುಚ್ಚುತ್ತದೆಂದು ನಿಂತುಕೊಂಡೇ, ಮೀಟಿಂಗಿಗೆ ಹಾಜರಾದರು.

ಚಿತ್ರವೋ ಕನ್ನಡಿಯ ಹಾಗೆ ಬಂದಿತ್ತು, ಗೌನಿನ ಒಂದೊಂದು ಪಿನ್ನೂ ಎಣಿಸುವಷ್ಟು ಸ್ಪಷ್ಟ. ಆದರೆ ಎದುರಿಗೆ ಮ್ಯಾನೇಜರ ಮುಖ ತುಂಡುತುಂಡಾಗಿ ಬಂದು ನಿಂತುಬಿಟ್ಟಿತ್ತು. ಹಿಂದೆ ಆಫೀಸಿನ ನೀರಿನ ಟ್ಯಾಂಕು, ಆಕಾಶ.

"ಹಲೋ, ಹಲೋ, ಕೇಳಿಸ್ತಿದೆಯಾ?" ಈ ಸಲ ಕಿರುಚುತ್ತಿದ್ದವರು ಮ್ಯಾನೇಜರು. "ತಾರಸಿ ಮೇಲಿಂದ ಮೊಬೈಲಲ್ಲಿ ಮಾತಾಡ್ತಿದ್ದೀನಿ ಕಣ್ರೀ. ನಿಮ್ಮ ಲೈನ್ ಎಷ್ಟು ಚೆನ್ನಾಗಿದೆ!"

"ಹೊಸದು ಸಾರ್. ಈಗ ತಾನೇ ಹಾಕಿಸಿದೆ." ಅವರು ಗೌನಿನ ಸುದ್ದಿ ಎತ್ತದಿದ್ದುದನ್ನು ಕಂಡು ರಾಯರಿಗೆ ಧೈರ್ಯ ಬಂತು. "ಅಂದ್ರೆ ಸಾರ್, ನಾನು ನಾಳೆ ಆಫೀಸಿಗೆ..."

"ಬರೋದೇ ಬೇಡ!"

ರಾಯರಿಗೆ ಕುಣಿದಾಡುವಷ್ಟು ಖುಷಿಯಾಯಿತು. ಪಿನ್ನುಗಳು ನೆನಪಾಗಿ ಸುಮ್ಮನಾದರು. ಮಗಳ ಕಡೆ ತಿರುಗಿ ಕಣ್ಣು ಮಿಟುಕಿಸಿದರು.

"ಯಾಕಂದ್ರೆ ಇಲ್ಲಿ ನೆಟ್ಟೇ ಇಲ್ಲ" ಎಂದು ಮ್ಯಾನೇಜರು ಮುಂದುವರಿಸಿದರು. "ನಾವೂ ಕಂಪನಿ ಬದಲಾಯಿಸೋಣ ಅಂತ ಹೋದ್ವಿ. ಯಾವನೋ ಬುದ್ಧಿವಂತ ಹೊಸದು ಬರೋ ಮೊದಲೇ ಹಳೇದನ್ನ ಕೀಳಿಸಿದ. ಹೊಸದು ಬರೋಕೆ ತಿಂಗಳಾಗುತ್ತಂತೆ. ಅಲ್ಲೀವರೆಗೂ ಆಫೀಸು ನಿಮ್ಮನೇಲಿ."

"ನಮ್ಮನೇಲಾ?"

"ನಾವು ಆರು ಜನ ಬೆಳಗ್ಗೆ ಬರ್ತೀವಿ. ಆ ಕಿಟಕಿ ಪಕ್ಕದ ಜಾಗ ನನಗಿರ್ಲಿ. ನೀವು ಅಡುಗೆಮನೆ ಬಾಗಿಲ ಹತ್ರ ಕೂತ್ಕೊಳಿ. ಒಂಬತ್ತಕ್ಕೆ ಸರಿಯಾಗಿ ಹಾಜರಿರ್ಬೇಕು, ತಡವಾದ್ರೆ ಅರ್ಧ ದಿನ ರಜಾ ಹಾಕ್ತೀನಿ."

"ಆಗ್ಲಿ ಸಾರ್" ಎಂದರು ರಾಯರು. ಮೇಷ್ಟ್ರು ಹಿಂದಿನಿಂದ ಬಗ್ಗಿ, ಕುರ್ಚಿ ಬೇಕಾದರೆ ತಮ್ಮಲ್ಲಿ ನಾಲ್ಕಿವೆ ಎಂದು ಮ್ಯಾನೇಜರಿಗೆ ಭರವಸೆ ಕೊಟ್ಟರು.

ಪರದೆಯ ಮೇಲಿನ ತುಂಡು ಮುಖ ಒಮ್ಮೆ ಸರಿಯಾಗಿ ಕೂಡಿಕೊಂಡಿತು. ಮ್ಯಾನೇಜರು ರಾಯರ ಪಕ್ಕಕ್ಕೆ ಕಣ್ಣು ಕಿರಿದು ಮಾಡಿ ನೋಡಿದರು.

"ಅದ್ಯಾರ್ರೀ ಆ ಪುಟ್ಟ ಹುಡುಗಿ?"

"ನನ್ನ ಮಗಳು ಸಾರ್. ಮಧ್ಯಾಹ್ನಕ್ಕೇ ಶಾಲೆ ಬಿಡುತ್ತೆ."

"ಮುದ್ದಾಗಿದ್ದಾಳೆ. ಆದ್ರೆ ನಾಳೆಯಿಂದ ಬೇರೆಲ್ಲಾದ್ರೂ ಬಿಟ್ಬನ್ನಿ. ಆಫೀಸಿಗೆಲ್ಲ ಮಕ್ಕಳನ್ನ ಕರ್ಕೊಂಡು ಬರೋ ಹಾಗಿಲ್ಲ."