ಕೊಡೆಯೊಳಗೆ ಕಾಗದ ಇಟ್ಟವರು ಯಾರು?

ಮಂಡೆಕೋಲು ಊರಿನ ಟೈಲರ್ ಕುಶಾಲಪ್ಪನಿಗೆ ಇಪ್ಪತ್ತೈದು ವರ್ಷಗಳಿಂದ ಒಂದೇ ಒಂದು ಸಂಗತಿ ತಿಳಿಯಬೇಕಿತ್ತು: ಶಾಲಿನಿಯ ಕೊಡೆಯೊಳಗೆ ಕಾಗದ ಇಟ್ಟವರು ಯಾರು?

ಶಾಲಿನಿ ನೆರೆಮನೆಯವಳಲ್ಲ. ‘ಇನ್ನೂ ಬೆಲ್ ಆಗಿಲ್ಲ’ ಎಂಬ ಟಿವಿ ಧಾರಾವಾಹಿಯ ಕಾಲೇಜು ಹುಡುಗಿ. ಕುಶಾಲಪ್ಪ ಪಿಯುಸಿಯಲ್ಲಿದ್ದಾಗ ವಾರವಾರ ಊರನ್ನೆಲ್ಲ ನಗಿಸಿದ ಆ ಧಾರಾವಾಹಿ, ಅವಳ ಕೊಡೆಯಿಂದ ಹೆಸರಿಲ್ಲದ ಪ್ರೇಮಪತ್ರ ಉದುರಿದ ವಾರವೇ ನಿಂತುಹೋಗಿತ್ತು. ಬರೆದದ್ದು ಅವಳ ಕ್ಲಾಸಿನ ನಾಚಿಕೆಯ ಪದ್ದು ಎಂದು ಕುಶಾಲಪ್ಪ. ಅಲ್ಲ, ಬಾಯಿಬಡುಕ ಗಿರಿ ಎಂದು ಹೆಂಡತಿ ಕುಮುದಿನಿ. ಮದುವೆಯ ಹೊಸತರಲ್ಲಿ ಶುರುವಾದ ಈ ತಗಾದೆ ಇವತ್ತಿಗೂ ಇತ್ಯರ್ಥವಾಗಿರಲಿಲ್ಲ.

ಈಗ ಅದೇ ನಟರು ನರೆಗೂದಲಿಗೆ ಬಣ್ಣ ಹಚ್ಚಿಕೊಂಡು ಮತ್ತೆ ಬಂದಿದ್ದರು. ಹೊಸ ಕಂತು ಶನಿವಾರ ಬೆಳಗ್ಗೆ ಐದಕ್ಕೆ ಮೊಬೈಲಿಗೆ ಬರುವುದಿತ್ತು. ಆದರೆ ಭಾನುವಾರ ಬೆಳ್ಯಪ್ಪನ ಮಗಳ ಮದುವೆ. ಹಿಂದಿನ ದಿನ ಊರವರೆಲ್ಲ ಹೋಗಿ ತರಕಾರಿ ಕೊರೆಯಬೇಕು. ತಪ್ಪಿಸಿಕೊಂಡವನ ಮನೆಯ ಮದುವೆಗೆ ಸೌತೆಕಾಯಿಯನ್ನು ಅವನೊಬ್ಬನೇ ಕೊರೆಯಬೇಕಾದೀತು.

“ಸಂಜೆ ಬಂದು ಒಟ್ಟಿಗೆ ನೋಡುವ. ಅಷ್ಟರೊಳಗೆ ಯಾರೂ ನನಗೆ ಕತೆ ಹೇಳ್ಬಾರ್ದು,” ಎಂದ ಕುಶಾಲಪ್ಪ.

“ಆಯ್ತು ಮಾರಾಯ್ರೆ,” ಎಂದು ಕುಮುದಿನಿ ಮದುವೆಮನೆಗೆ ಮುಂಚೆಯೇ ಹೊರಟಳು.

ಕುಶಾಲಪ್ಪ ಕಿವಿಗೆ ಹತ್ತಿ ತುರುಕಿ, ಮೇಲೆ ಹೆಲ್ಮೆಟ್ ಹಾಕಿ ನಡೆದೇ ಹೊರಟ. ಅಂಗಡಿಯ ಅಲಿ ಕುಂಞಿ ಕಲ್ಲಂಗಡಿ ತಡವುವ ಹಾಗೆ ಆ ಹೆಲ್ಮೆಟ್ ತಡವಿ ನೋಡಿದರು.

“ಬೈಕ್ ಎಲ್ಲಿ ಕುಶಾಲಣ್ಣ? ಅದಿರ್ಲಿ, ನೋಡಿದ್ರಾ? ಪದ್ದು ಎಂತ ದಪ್ಪ ಆಗಿದ್ದಾನೆ! ನನ್ನ ನೆಬೀಸ ಅಂತೂ ನಕ್ಕು ನಕ್ಕು ದೋಸೆ ಕರಟಿಸಿದ್ಳು.”

“ಕಾಕ, ಬೇಡ!”

“ಅಲ್ಲ, ಆ ಕಾಗದದ್ದು...”

ಕುಶಾಲಪ್ಪ ಹೆಲ್ಮೆಟ್ಟಿನ ಗಾಜು ಇಳಿಸಿ ಓಡಿದ.

ಹೆಲ್ಮೆಟ್ಟನ್ನು ಚಪ್ಪಲಿಯ ಪಕ್ಕ ತೆಗೆದಿಟ್ಟು ಒಳಹೊಕ್ಕರೆ ಮದುವೆಮನೆಯ ಚಪ್ಪರದಲ್ಲಿ ನಲವತ್ತು ಮಂದಿ, ನಲವತ್ತು ಚೂರಿ, ಒಂದೇ ಸುದ್ದಿ. ಶಾಲಿನಿ ಈಗ ಪ್ರಿನ್ಸಿಪಾಲ್ ಅಂತೆ. ಮೊದಲಿನ ಮಜಾ ಇಲ್ಲ ಎಂದು ಚೀನಿಕಾಯಿ ಕೊರೆಯುವವರು. ಮೊದಲಿಗಿಂತ ಲಾಯ್ಕ ಉಂಟು ಎಂದು ಅಲಸಂಡೆಯವರು. ಹತ್ತಿಯನ್ನೂ ದಾಟಿ ‘ಕಾಗದ’ ಎಂಬ ಮಾತು ಕಿವಿಗೆ ಬಿದ್ದದ್ದೇ ಕುಶಾಲಪ್ಪ ಸುತ್ತ ನೋಡಿದ. ಮೂಲೆಯಲ್ಲಿ ತೆಂಗಿನಕಾಯಿ ಹೆರೆದು ತುರಿ ಮಾಡುವ ಮಿಷನ್ ಇತ್ತು. ತಿರುಗಿದರೆ ಲಾರಿ ಗಂಟಲು ಸರಿಮಾಡಿಕೊಂಡ ಹಾಗೆ ಶಬ್ದ. ಅದರ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ.

“ಬೆಳ್ಯಪ್ಪಣ್ಣ, ಕಾಯಿ ನಾನು ಹೆರೀತೇನೆ.”

“ನೂರೈವತ್ತು ಉಂಟು ಮಾರಾಯ!”

“ಇನ್ನೂರು ಇದ್ರೂ ಆಗ್ತದೆ.”

ಬೆಳ್ಯಪ್ಪ ಅವನ ಹಣೆ ಮುಟ್ಟಿ ನೋಡಿ ಹೋದ.

ಅಲ್ಲಿಂದ ಮಧ್ಯಾಹ್ನದವರೆಗೆ ಕುಶಾಲಪ್ಪನಿಗೆ ಸ್ವರ್ಗಸುಖ. ಬಂದವರ ಬಾಯಿ ಮಾತ್ರ ಅಲ್ಲಾಡುತ್ತಿತ್ತು. ಇವನು ನಕ್ಕು ಇನ್ನೊಂದು ಕಾಯಿ ಎತ್ತುತ್ತಿದ್ದ. ಕುಮುದಿನಿ ಎರಡು ಸಲ ಮೊಬೈಲ್ ಹಿಡಿದು ಬಂದು ಏನೋ ಕೇಳಿದಳು. ಸಂಜೆಗೆ ಎಂದು ಕೈಸನ್ನೆ ಮಾಡಿದ.

ಊಟವಾಗಿ ಅರ್ಧ ಗಂಟೆಗೆ ಕರೆಂಟ್ ಹೋಯಿತು. ಮಿಷನ್ ನಿಂತಿತು. ಇಡೀ ಚಪ್ಪರ ಅವನತ್ತ ತಿರುಗಿತು. ಬೆಳ್ಯಪ್ಪನ ತಂಗಿಯ ಮಗಳು ನವ್ಯಾ ಓಡಿ ಬಂದು ಅವನ ಕಿವಿಯ ಹತ್ತಿಯನ್ನೇ ಕಿತ್ತಳು.

“ಮಾಮಾ, ನಿಮ್ಮದೊಂದು ಬಾಕಿ. ಪದ್ದುವಾ, ಗಿರಿಯಾ...”

ಕುಶಾಲಪ್ಪ ಕಣ್ಣುಮುಚ್ಚಿ, ಬಾಯಿಗೆ ಬಂದದ್ದನ್ನು ಗಟ್ಟಿಯಾಗಿ ಹಾಡತೊಡಗಿದ. ಬಾಯಿಗೆ ಬಂದದ್ದು ಭಜನೆಯ ಕೊನೆಗೆ ಹಾಡುವ ಮಂಗಳ. ಮಂಗಳ ಕೇಳಿದ ಮೇಲೆ ಕೂತಿರುವುದು ಹೇಗೆ? ನಲವತ್ತು ಮಂದಿಯೂ ಚೂರಿ ಹಿಡಿದೇ ಎದ್ದು ನಿಂತು ಕೈಮುಗಿದರು. ಬೆಳ್ಯಪ್ಪನ ಹೆಂಡತಿ ಒಳಗಿನಿಂದ ಆರತಿ ತಟ್ಟೆ ಹಿಡಿದು ಓಡಿ ಬಂದರು.

ಹಾಡು ಮುಗಿದ ಮೇಲೆಯೇ ಬೆಳ್ಯಪ್ಪನಿಗೆ ಹೊಳೆದದ್ದು.

“ಎಂತ ಮಾಡಿದ್ದು ನೀನು? ಮದುವೆ ನಾಳೆ! ಇವತ್ತೇ ಮಂಗಳ ಹಾಡಿ ಮುಗಿಸಿದ್ದಾ?”

“ತಪ್ಪಾಯ್ತು ಬೆಳ್ಯಪ್ಪಣ್ಣ.”

“ತಪ್ಪಾಯ್ತು ಅಂದ್ರೆ ಆಗುದಿಲ್ಲ. ಗಣಪತಿಯಿಂದ ಪುನಃ ಶುರು ಮಾಡು. ಐದು ಭಜನೆ!”

ಇದು ಶಿಕ್ಷೆಯೋ ವರವೋ! ಕರೆಂಟ್ ಬರುವವರೆಗೆ ಕುಶಾಲಪ್ಪ ಒಂಬತ್ತು ಹಾಡಿದ.

ಸಂಜೆ ಏಳಕ್ಕೆ ತಲೆ ತುಂಬ ತೆಂಗಿನತುರಿ, ಅಂಗೈ ತುಂಬ ಬೊಬ್ಬೆ ಹೊತ್ತು ಮನೆಗೆ ಬಂದ. ಸ್ವರ ಮಾತ್ರ ಹೋಗಿತ್ತು.

“ಒಬ್ಬನಿಗೂ ಹೇಳ್ಲಿಕ್ಕೆ ಬಿಡ್ಲಿಲ್ಲ ನಾನು,” ಎಂದು ಗೊರಗೊರ ಸ್ವರದಲ್ಲಿ ಹೇಳಿ ಕುಮುದಿನಿಯ ಪಕ್ಕ ಕೂತ. ಮೊಬೈಲನ್ನು ಅಕ್ಕಿ ಡಬ್ಬಕ್ಕೆ ಒರಗಿಸಿದರು. ಶಾಲಿನಿಗೆ ಕನ್ನಡಕ ಬಂದಿತ್ತು, ಗಿರಿಗೆ ಬಕ್ಕತಲೆ. ಕುಶಾಲಪ್ಪ ಹದಿನೇಳರ ಹುಡುಗನ ಹಾಗೆ ನಕ್ಕ. ಕೊನೆಗೆ ಶಾಲಿನಿ ಹಳೆಯ ಕಾಗದ ಬಿಚ್ಚಿದಳು. ಕುಶಾಲಪ್ಪ ಮೊಬೈಲಿನತ್ತ ಬಗ್ಗಿದ. ಶಾಲಿನಿ ನೇರ ಅವನನ್ನೇ ನೋಡಿ ಕೇಳಿದಳು:

“ಇದನ್ನು ಬರೆದವರು ಯಾರು? ನೀವೇ ಹೇಳಿ.”

ಕೆಳಗೆ ಅಕ್ಷರ ಮೂಡಿತು. ವೀಕ್ಷಕರ ಹೆಚ್ಚು ಮತ ಯಾರಿಗೋ, ಕಾಗದ ಬರೆದದ್ದು ಅವನೇ. ಮತದಾನ ಇಂದು ಸಂಜೆ ಆರಕ್ಕೆ ಮುಗಿದಿದೆ. ಗೆದ್ದವನು: ಗಿರಿ.

“ಅಂದ್ರೆ... ಅವರೆಲ್ಲ ನನಗೆ ಕತೆ ಹೇಳ್ಲಿಕ್ಕೆ ಬಂದದ್ದಲ್ವಾ?”

“ಹೇಳ್ಲಿಕ್ಕೆ ಎಂತ ಉಂಟು? ನಿಮ್ಮ ಓಟು ಕೇಳ್ಲಿಕ್ಕೆ ಬಂದದ್ದು. ನಾನೂ ಎರಡು ಸಲ ಬಂದೆ.”

“ನೀನು ಯಾವಾಗ ನೋಡಿದ್ದು?”

“ಬೆಳಗ್ಗೆ ಐದೂಕಾಲಿಗೆ,” ಎಂದಳು ಕುಮುದಿನಿ, ಅವನ ತಲೆಯ ತುರಿ ಕೊಡವುತ್ತ. “ಚಪ್ಪರದ ನಲವತ್ತು ಓಟೂ ಗಿರಿಗೇ ಹಾಕಿಸಿದೆ. ಎಂತ ಮಾಡುದು, ಪದ್ದುವಿನ ಪರ ಮಾತಾಡ್ಲಿಕ್ಕೆ ಊರಲ್ಲಿ ಇದ್ದದ್ದೇ ಒಬ್ಬರು. ಅವರು ಕಾಯಿ ಹೆರೀತಾ ಇದ್ರು.”